ಆಲ್ಪ್ಸ್ ದಾಟಲು ಯಾವ ದಾರಿ? ಮ್ಯೂನಿಕ್‌ನಿಂದ ಕೋಮೋ ಸರೋವರಕ್ಕೆ ಕಾರಿನಲ್ಲಿ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಮೂರನೇ ವಾರ. ಇಟಲಿಯ ಪ್ರಾಟೋ ಎಂಬ ಊರು. ರಸ್ತೆ ಬದಿಯ ದೊಡ್ಡ ಬೋರ್ಡಿನಲ್ಲಿ 'ಸ್ಟೆಲ್ವಿಯೋ ಪಾಸ್' ಅಂತ ಇತ್ತು. ಅದರ ಪಕ್ಕ ಕೆಂಪು ಪಟ್ಟಿಯಲ್ಲಿ ಒಂದೇ ಪದ: 'ಕ್ಯೂಸೋ'. ಅಂದರೆ ಮುಚ್ಚಿದೆ. ಹಿಂದಿನ ಸೀಟಿನಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಪ್ಪ, ಅಮ್ಮ. ರಾತ್ರಿಯ ರೂಮು ಬುಕ್ ಆಗಿದ್ದು ಘಾಟಿಯ ಆ ಕಡೆಯ ಬೋರ್ಮಿಯೋದಲ್ಲಿ. ಮೇಲಿನಿಂದ ದಾಟಿದ್ದರೆ 46 ಕಿ.ಮೀ. ಸುತ್ತು ಹಾಕಿಕೊಂಡು ಹೋಗಿದ್ದು ಸುಮಾರು 100 ಕಿ.ಮೀ. ಊರು ಸೇರುವ ಹೊತ್ತಿಗೆ ಕತ್ತಲಾಗಿತ್ತು. ಅಮ್ಮನಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸಿ ಸುಸ್ತಾಗಿತ್ತು.

ರೂಮು ಬುಕ್ ಮಾಡುವಾಗ ನಾನು ನೋಡಿದ್ದು ದೂರ ಮಾತ್ರ. ತಾರೀಖು ನೋಡಿರಲಿಲ್ಲ. ಅದಾದ ಮೇಲೆ ಆಲ್ಪ್ಸ್ ಕಡೆ ಹೊರಟಾಗಲೆಲ್ಲ ಒಂದೇ ಕ್ರಮದಲ್ಲಿ ದಾರಿ ಆರಿಸುತ್ತೇನೆ. ಮೊದಲು ತಾರೀಖು, ಆಮೇಲೆ ಕಾರಿನಲ್ಲಿರುವ ಜನ, ಆಮೇಲೆ ಘಾಟಿ, ಕೊನೆಗೆ ಮ್ಯಾಪ್. ಬಹಳ ಜನ ಮ್ಯಾಪ್‌ನಿಂದಲೇ ಶುರು ಮಾಡುತ್ತಾರೆ. ಫೋಟೋದಲ್ಲಿ ಚೆನ್ನಾಗಿ ಕಂಡ ರಸ್ತೆಯನ್ನು ಹಿಡಿದುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ನೋಡುತ್ತಾರೆ. ತೊಂದರೆ ಆಗುವುದೇ ಅಲ್ಲಿ.

ಇಲ್ಲಿ ನಾನು ಹಿಡಿದಿರುವ ಉದಾಹರಣೆ ಜರ್ಮನಿಯ ಮ್ಯೂನಿಕ್‌ನಿಂದ ಇಟಲಿಯ ಕೋಮೋ ಸರೋವರದ ಪ್ರಯಾಣ. ನನಗೆ ಚೆನ್ನಾಗಿ ಗೊತ್ತಿರುವ ದಾರಿ ಇದು. ಬೇರೆ ಊರಿನಿಂದ ಹೊರಡುವವರೂ ಇದೇ ಕ್ರಮ ಇಟ್ಟುಕೊಳ್ಳಬಹುದು.

ಹೆಜ್ಜೆ 1: ತಾರೀಖು ಮೊದಲು

ಎರಡು ಶಿಖರಗಳ ನಡುವೆ ಬೆಟ್ಟ ತಗ್ಗಿರುವ ಜಾಗಕ್ಕೆ ಪಾಸ್ ಎನ್ನುತ್ತಾರೆ. ರಸ್ತೆ ದಾಟುವುದು ಅಲ್ಲೇ. ಆಲ್ಪ್ಸ್‌ನಲ್ಲಿ ಈ 'ತಗ್ಗು' ಕೂಡ 2,000 ಮೀಟರ್ ಮೇಲಿರಬಹುದು. ನಮ್ಮ ಆಗುಂಬೆ ಘಾಟಿಯ ತುದಿ 650 ಮೀಟರ್ ಆಸುಪಾಸು. ಸ್ಟೆಲ್ವಿಯೋ ತುದಿ 2,757 ಮೀಟರ್. ಅಲ್ಲಿ ಹಿಮ ಬೀಳುವುದೂ ಜಾಸ್ತಿ, ಕರಗುವುದೂ ತಡ. ಚಳಿಗಾಲ ಪೂರ್ತಿ ರಸ್ತೆ ಮುಚ್ಚಿಬಿಡುತ್ತಾರೆ. ವಸಂತದಲ್ಲಿ ಯಂತ್ರ ತಂದು ಹಿಮ ಬಗೆದು ತೆರೆಯುತ್ತಾರೆ.

ದಾರಿಗಳನ್ನು ಎತ್ತರದ ಮೇಲೆ ಮೂರು ಗುಂಪು ಮಾಡಿಕೊಳ್ಳಿ.

ಎತ್ತರದ ಪಾಸ್‌ಗಳು. ಸ್ಟೆಲ್ವಿಯೋ, ಸ್ವಿಟ್ಜರ್ಲೆಂಡಿನ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್, ಫ್ರಾನ್ಸಿನ ಇಜ಼ೆರಾನ್, ಗಾಲಿಬಿಯೇ, ಇವೆಲ್ಲ ಇದೇ ಗುಂಪು. ಸಾಮಾನ್ಯವಾಗಿ ಮೇ ಕೊನೆಯಿಂದ ಜೂನ್ ನಡುವೆ ತೆರೆದು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಮುಚ್ಚುತ್ತವೆ. ಆಸ್ಟ್ರಿಯಾದ ಗ್ರೋಸ್‌ಗ್ಲೋಕ್ನರ್ ರಸ್ತೆ ಸ್ವಲ್ಪ ಬೇಗ, ಮೇ ಮೊದಲ ವಾರದ ಹೊತ್ತಿಗೆ ತೆರೆಯುತ್ತದೆ. ಆದರೆ ಯಾವ ವರ್ಷಕ್ಕೂ ತಾರೀಖು ಖಾತ್ರಿ ಇಲ್ಲ. ಹಿಮ ಎಷ್ಟು ಬಿದ್ದಿದೆ ಅನ್ನುವುದರ ಮೇಲೆ ನಿಂತಿದೆ.

ನಡುವಿನ ಪಾಸ್‌ಗಳು. ಮಲೋಯಾ 1,815 ಮೀಟರ್, ರೆಷೆನ್ ಸುಮಾರು 1,500 ಮೀಟರ್. ಓಫೆನ್ 2,149, ಯೂಲಿಯರ್ 2,284 ಮೀಟರ್ ಇದ್ದರೂ ಅವನ್ನೂ ಇದೇ ಗುಂಪಿಗೆ ಸೇರಿಸಬೇಕು. ಏಕೆಂದರೆ ಇವುಗಳ ಆಚೀಚೆ ಊರುಗಳಿವೆ, ಜನ ದಿನಾ ಓಡಾಡುತ್ತಾರೆ. ಹಾಗಾಗಿ ವರ್ಷವಿಡೀ ತೆರೆದಿಡುತ್ತಾರೆ. ಜೋರು ಹಿಮಪಾತ ಆದಾಗ ಮಾತ್ರ ಕೆಲವು ಗಂಟೆ, ಅಪರೂಪಕ್ಕೆ ಒಂದೆರಡು ದಿನ ನಿಲ್ಲಿಸುತ್ತಾರೆ.

ಕೆಳಗಿನ ದಾರಿಗಳು. ಸುರಂಗಗಳು ಮತ್ತು ಹೆದ್ದಾರಿಗಳು. ಗೋಟ್‌ಹಾರ್ಡ್ ಸುರಂಗ 16.9 ಕಿ.ಮೀ., 1980ರಲ್ಲಿ ತೆರೆದದ್ದು. ಸಾನ್ ಬೆರ್ನಾರ್ಡಿನೋ ಸುರಂಗ 6.6 ಕಿ.ಮೀ. ಬ್ರೆನ್ನರ್‌ನಲ್ಲಿ ಪಾಸ್ ಎತ್ತರವೇ 1,370 ಮೀಟರ್ ಆಸುಪಾಸು, ಆದ್ದರಿಂದ ಹೆದ್ದಾರಿ ಮೇಲಿಂದಲೇ ಹೋಗುತ್ತದೆ.

ನಿಮ್ಮ ಪ್ರಯಾಣ ನವೆಂಬರ್‌ನಿಂದ ಮೇ ನಡುವೆ ಇದ್ದರೆ ಮೊದಲ ಗುಂಪನ್ನು ಪಟ್ಟಿಯಿಂದ ತೆಗೆದುಬಿಡಿ. ಜೂನ್ ಮೊದಲ ಎರಡು ವಾರ ಆದರೆ ಆಸೆ ಇಟ್ಟುಕೊಳ್ಳಬಹುದು, ಆದರೆ ಅದನ್ನೇ ನಂಬಿ ಹಣ ವಾಪಸ್ ಬಾರದ ರೂಮು ಬುಕ್ ಮಾಡಬೇಡಿ. ನನ್ನನ್ನು ಕೇಳಿದರೆ ಘಾಟಿ ದಾಟಲು ಒಳ್ಳೆಯ ಕಾಲ ಸೆಪ್ಟೆಂಬರ್ ಮೊದಲ ಮೂರು ವಾರ. ರಸ್ತೆ ತೆರೆದಿರುತ್ತದೆ, ಆಗಸ್ಟ್‌ನ ಜನಜಾತ್ರೆ ಕರಗಿರುತ್ತದೆ, ಮಧ್ಯಾಹ್ನದ ಗುಡುಗು ಮಳೆಯೂ ಕಮ್ಮಿ.

ಹೆಜ್ಜೆ 2: ಕಾರಿನಲ್ಲಿ ಯಾರಿದ್ದಾರೆ?

ಓಡಿಸುವವರಿಗೆ ತಿರುವು ಖುಷಿ ಕೊಡುತ್ತದೆ. ಹಿಂದೆ ಕೂತವರಿಗೆ ಹಾಗಲ್ಲ. ಚಾರ್ಮಾಡಿ ಇಳಿಯುವಾಗ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಅಂಥವರು ಒಬ್ಬರಿದ್ದರೂ ದಾರಿ ಅವರಿಗೆ ತಕ್ಕಂತೆ ಇರಬೇಕು.

ನಾನು ಇಟ್ಟುಕೊಂಡಿರುವ ನಿಯಮ ಇಷ್ಟು. ಒಂದು ದಿನಕ್ಕೆ ಒಂದೇ ದೊಡ್ಡ ಘಾಟಿ. ಡೊಲೊಮೈಟ್ ಬೆಟ್ಟಗಳಲ್ಲಿ ಪೋರ್ದೋಯಿ, ಸೆಲ್ಲಾ, ಗಾರ್ಡೆನಾ, ಕಾಂಪೊಲೊಂಗೋ ನಾಲ್ಕನ್ನೂ ಒಂದೇ ದಿನದಲ್ಲಿ ಸುತ್ತುವವರಿದ್ದಾರೆ. ಬೈಕಿನಲ್ಲಿ ಒಬ್ಬರೇ ಹೋಗುವವರಿಗೆ ಅದು ಸರಿ. ವಯಸ್ಸಾದವರು, ಮಕ್ಕಳು ಇರುವ ಕಾರಿಗೆ ಎರಡನೇ ಘಾಟಿಯ ಹೊತ್ತಿಗೇ ಸಾಕಾಗುತ್ತದೆ. ಯಾರೂ ಕಿಟಕಿ ಹೊರಗೆ ನೋಡುವುದೂ ಇಲ್ಲ.

ಎತ್ತರದ ವಿಷಯವೂ ಇದೆ. 2,500 ಮೀಟರ್ ಮೇಲೆ ಕೆಲವರಿಗೆ ಸುಮ್ನೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ, ತಲೆ ಭಾರವಾಗುತ್ತದೆ. ಹೃದಯದ ತೊಂದರೆ, ಬಿ.ಪಿ. ಇರುವವರು ಹೊರಡುವ ಮೊದಲೇ ಡಾಕ್ಟರ ಹತ್ತಿರ ಒಂದು ಮಾತು ಕೇಳಿಬಿಡಬೇಕು.

ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರತಿ 1,000 ಮೀಟರ್ ಹತ್ತಿದಂತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಪ್ರಾಟೋದಲ್ಲಿ 27 ಡಿಗ್ರಿ ಇದ್ದರೆ ಸ್ಟೆಲ್ವಿಯೋ ತುದಿಯಲ್ಲಿ 15ರ ಆಸುಪಾಸು, ಅದರ ಮೇಲೆ ಗಾಳಿ. ಅಲ್ಲಿ ಜುಲೈನಲ್ಲೂ ಹಿಮನದಿಯ ಮೇಲೆ ಜನ ಸ್ಕೀ ಆಡುತ್ತಾರೆ! ಸ್ವೆಟರ್ ಡಿಕ್ಕಿಯ ತಳದಲ್ಲಿ ಇರಬಾರದು, ಕೈಗೆ ಸಿಗುವಂತಿರಬೇಕು.

ಹೆಜ್ಜೆ 3: ಮೂರು ದಾರಿ ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ಪ್ರತಿ ಗುಂಪಿನಿಂದ ಒಂದೊಂದು ದಾರಿ ಬರೆಯಿರಿ. ಒಂದು ಮುಚ್ಚಿದರೆ ಇನ್ನೊಂದು ಕೈಯಲ್ಲೇ ಇರುತ್ತದೆ. ಮ್ಯೂನಿಕ್‌ನಿಂದ ಕೋಮೋಗೆ ನನ್ನ ಹಾಳೆ ಹೀಗಿದೆ.

ಕೆಳಗಿನ ದಾರಿ: ಮ್ಯೂನಿಕ್, ಬ್ರೆಗೆಂಜ್, ಖೂರ್, ಸಾನ್ ಬೆರ್ನಾರ್ಡಿನೋ ಸುರಂಗ, ಬೆಲಿಂಜೋನಾ, ಲುಗಾನೋ, ಕೋಮೋ. ಹೆಚ್ಚುಕಡಿಮೆ 450 ಕಿ.ಮೀ., ಪೂರ್ತಿ ದೊಡ್ಡ ರಸ್ತೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಇಟಲಿ. ಮಳೆಯೋ ಹಿಮವೋ ಇದ್ದರೆ, ಚಿಕ್ಕ ಮಗು ಇದ್ದರೆ ನಾನು ಇದನ್ನೇ ಹಿಡಿಯುತ್ತೇನೆ. ಬ್ರೆನ್ನರ್, ವೆರೋನಾ, ಮಿಲಾನ್ ಮೂಲಕವೂ ಹೋಗಬಹುದು. ಆದರೆ ಕೋಮೋಗೆ ಅದು ದೊಡ್ಡ ಸುತ್ತು. ಜೊತೆಗೆ ಬ್ರೆನ್ನರ್ ಹೆದ್ದಾರಿಯ ಲ್ಯೂಗ್ ಸೇತುವೆ ಕೆಲಸದಿಂದ 2025ರ ಆರಂಭದಿಂದ ಅಲ್ಲಿ ಎಷ್ಟೋ ದಿನ ಪ್ರತಿ ದಿಕ್ಕಿಗೆ ಒಂದೇ ಸಾಲು ಬಿಡುತ್ತಿದ್ದಾರೆ. ವೆನಿಸ್ ಅಥವಾ ಗಾರ್ಡಾ ಸರೋವರಕ್ಕೆ ಹೋಗುವವರಿಗೆ ಬ್ರೆನ್ನರ್ ಸರಿ, ಕೋಮೋಗೆ ಬೇಡ.

ಮೇಲಿನ ದಾರಿ: ಮ್ಯೂನಿಕ್, ಫೆರ್ನ್‌ಪಾಸ್, ಲಾಂಡೆಕ್, ರೆಷೆನ್, ಪ್ರಾಟೋ, ಸ್ಟೆಲ್ವಿಯೋ, ಬೋರ್ಮಿಯೋ, ತಿರಾನೋ, ಅಲ್ಲಿಂದ ಕೋಮೋ ಸರೋವರದ ಉತ್ತರ ತುದಿಯ ಕೋಲಿಕೋ. ಇದನ್ನು ಒಂದೇ ದಿನದಲ್ಲಿ ಮುಗಿಸಬೇಡಿ. ಮೊದಲ ದಿನ ಗ್ಲೂರ್ನ್ಸ್‌ವರೆಗೆ ಸುಮಾರು 220 ಕಿ.ಮೀ. ಗ್ಲೂರ್ನ್ಸ್ ಸುತ್ತಲೂ ಕಲ್ಲಿನ ಕೋಟೆಗೋಡೆ ಇರುವ ಪುಟ್ಟ ಊರು. ಇಡೀ ಊರನ್ನು ಹದಿನೈದು ನಿಮಿಷದಲ್ಲಿ ನಡೆದು ಮುಗಿಸಬಹುದು. ಅಲ್ಲಿ ಮಲಗಿ ಬೆಳಿಗ್ಗೆ ಏಳಕ್ಕೆ ಹೊರಟರೆ ಘಾಟಿ ಹೆಚ್ಚುಕಡಿಮೆ ನಿಮ್ಮದೇ.

ನಡುವಿನ ದಾರಿ: ಇದು ನನಗೆ ಬಹಳ ಇಷ್ಟ, ಮತ್ತು ಇದರ ಬಗ್ಗೆ ಮಾತಾಡುವವರು ಕಮ್ಮಿ. ಗ್ಲೂರ್ನ್ಸ್‌ವರೆಗೆ ಅದೇ ರಸ್ತೆ. ಅಲ್ಲಿಂದ ಸ್ಟೆಲ್ವಿಯೋ ಕಡೆ ತಿರುಗದೆ ಪಶ್ಚಿಮಕ್ಕೆ ಹೋಗಿ. ಸ್ವಿಟ್ಜರ್ಲೆಂಡಿನ ಮ್ಯೂಸ್ಟೇರ್, ಓಫೆನ್ ಪಾಸ್, ತ್ಸೆರ್ನೆಜ್, ಸೇಂಟ್ ಮೋರಿಟ್ಜ್, ಮಲೋಯಾ, ಕಿಯಾವೆನ್ನಾ, ಕೋಲಿಕೋ. ಗ್ಲೂರ್ನ್ಸ್‌ನಿಂದ ಸುಮಾರು 165 ಕಿ.ಮೀ. ಓಫೆನ್ ರಸ್ತೆ 1914ರಲ್ಲಿ ಆದ ಸ್ವಿಸ್ ರಾಷ್ಟ್ರೀಯ ಉದ್ಯಾನದ ನಡುವೆ ಹೋಗುತ್ತದೆ. ಮಲೋಯಾದ ವಿಶೇಷ ಏನೆಂದರೆ ಸೇಂಟ್ ಮೋರಿಟ್ಜ್ ಕಡೆಯಿಂದ ಹೋದರೆ ಹತ್ತುವುದೇ ಇಲ್ಲ. ಸರೋವರಗಳ ಪಕ್ಕ ಸಪಾಟಾಗಿ ಹೋಗಿ, ಇದ್ದಕ್ಕಿದ್ದಂತೆ ನೆಲ ಮುಗಿದ ಹಾಗೆ ರಸ್ತೆ ಸುತ್ತಿ ಸುತ್ತಿ ಕೆಳಗಿಳಿಯುತ್ತದೆ. ಆಗುಂಬೆಯ ಸೂರ್ಯಾಸ್ತ ನೋಡುವ ಜಾಗ ಬಿಟ್ಟು ಸೋಮೇಶ್ವರದ ಕಡೆ ಇಳಿಯುವಾಗ ಆಗುವ ಅನುಭವವೇ.

ಸ್ಟೆಲ್ವಿಯೋ ಮುಚ್ಚಿದ ದಿನ ಈ ದಾರಿ ಕೈಹಿಡಿಯುತ್ತದೆ. ಎರಡೂ ದಾರಿ ಗ್ಲೂರ್ನ್ಸ್ ಬಳಿಯೇ ಕವಲೊಡೆಯುವುದರಿಂದ ಹಿಂದಿನ ರಾತ್ರಿ ಅಲ್ಲಿ ಉಳಿದರೆ ಬೆಳಿಗ್ಗೆ ಆಕಾಶ ನೋಡಿ ತೀರ್ಮಾನ ಮಾಡಬಹುದು. ದಾರಿ ಕವಲೊಡೆಯುವ ಊರಿನಲ್ಲಿ ರಾತ್ರಿ ಉಳಿಯಿರಿ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬೇರೆ ಊರಿನಿಂದ ಹೊರಡುವವರಿಗೂ ಇದೇ ಹಾಳೆ. ಜ್ಯೂರಿಕ್‌ನಿಂದ ಮಿಲಾನ್‌ಗೆ ಕೆಳಗೆ ಗೋಟ್‌ಹಾರ್ಡ್ ಸುರಂಗ, ಮೇಲೆ 2,106 ಮೀಟರ್‌ನ ಗೋಟ್‌ಹಾರ್ಡ್ ಪಾಸ್. ರಜೆಯ ಶನಿವಾರಗಳಲ್ಲಿ ಆ ಸುರಂಗದ ಬಾಯಲ್ಲಿ 10 ಕಿ.ಮೀ. ಮೀರಿದ ಸಾಲು ನಿಲ್ಲುವುದುಂಟು. ಅಂಥ ದಿನ ಸಾನ್ ಬೆರ್ನಾರ್ಡಿನೋ ಕಡೆ ತಿರುಗುವುದೇ ಲೇಸು. ಜಿನೀವಾದಿಂದ ಇಟಲಿಗೆ ಕೆಳಗೆ 11.6 ಕಿ.ಮೀ.ನ ಮಾಂಟ್ ಬ್ಲಾಂಕ್ ಸುರಂಗ, ಮೇಲೆ 2,469 ಮೀಟರ್‌ನ ಗ್ರೇಟ್ ಸೇಂಟ್ ಬರ್ನಾರ್ಡ್ ಪಾಸ್. ಮಾಂಟ್ ಬ್ಲಾಂಕ್ ಸುರಂಗವನ್ನು ಇತ್ತೀಚಿನ ವರ್ಷಗಳಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ದುರಸ್ತಿಗೆ ಮುಚ್ಚಿದ್ದೂ ಇದೆ, ಆದ್ದರಿಂದ ಮೊದಲೇ ವಿಚಾರಿಸಿ. ಸಾಲ್ಜ್‌ಬರ್ಗ್‌ನಿಂದ ದಕ್ಷಿಣಕ್ಕೆ ಹೊರಟವರಿಗೆ ಮೇಲೆ ಗ್ರೋಸ್‌ಗ್ಲೋಕ್ನರ್, ಅದರ ಪಕ್ಕದಲ್ಲೇ ಕೆಳಗೆ ಫೆಲ್ಬರ್‌ಟೌರ್ನ್ ಸುರಂಗ.

ಹೆಜ್ಜೆ 4: ಕಿಲೋಮೀಟರ್ ಬಿಡಿ, ಗಂಟೆ ಎಣಿಸಿ

ಪ್ರಾಟೋದಿಂದ ಸ್ಟೆಲ್ವಿಯೋ ತುದಿಗೆ ಸುಮಾರು 24 ಕಿ.ಮೀ. ಅಷ್ಟರಲ್ಲಿ 1,800 ಮೀಟರ್‌ಗೂ ಜಾಸ್ತಿ ಹತ್ತಬೇಕು. ಸರಾಸರಿ ಏರು 7.4 ಶೇಕಡಾ, ಅಂದರೆ 100 ಮೀಟರ್ ಮುಂದೆ ಹೋದರೆ 7 ಮೀಟರ್‌ಗಿಂತ ಜಾಸ್ತಿ ಮೇಲೆ. ಇಂಥ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಲೆಕ್ಕ ಇಟ್ಟುಕೊಳ್ಳಿ. ಮ್ಯಾಪ್ ಹೇಳುವ ಸಮಯದಲ್ಲಿ ಸೈಕಲ್ಲಿನವರ ಹಿಂದೆ ಕಾಯುವುದು, ಫೋಟೋಗೆ ನಿಲ್ಲುವುದು, ಎದುರು ಬಸ್ಸಿಗೆ ಜಾಗ ಕೊಡುವುದು ಸೇರಿರುವುದಿಲ್ಲ. ಮ್ಯಾಪ್ ಸಮಯದ ಮೇಲೆ ಅರ್ಧದಷ್ಟು ಸೇರಿಸಿದರೆ ನಿಜಕ್ಕೆ ಹತ್ತಿರ.

ಅದರ ಮೇಲೆ ನಿಲ್ಲುವ ಹೊತ್ತು. ರೆಷೆನ್ ದಾಟಿದ ಕೂಡಲೇ ಬಲಗಡೆ ಕಾಣುವ ಸರೋವರದ ನೀರಿನ ನಡುವೆ ಚರ್ಚಿನ ಗಂಟೆಗೋಪುರ ಒಂದೇ ನಿಂತಿರುತ್ತದೆ. 14ನೇ ಶತಮಾನದ ಗೋಪುರ. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಗ್ರೌನ್ ಎಂಬ ಊರು ಮುಳುಗಿತು. ಮನೆಗಳೆಲ್ಲ ಹೋದವು, ಗೋಪುರ ಮಾತ್ರ ಉಳಿಯಿತು. ಅಮ್ಮನ ತವರು ಶರಾವತಿ ಹಿನ್ನೀರಿನ ಕಡೆ. ಲಿಂಗನಮಕ್ಕಿ ನೀರು ಬಂದಾಗ ಅವರ ಅಜ್ಜನ ಮನೆ, ತೋಟ ಎರಡೂ ಮುಳುಗಿದ್ದವು. ನಾನು ಐದು ನಿಮಿಷ ಅಂದುಕೊಂಡು ಕಾರು ನಿಲ್ಲಿಸಿದ್ದೆ. ಅಮ್ಮ ದಡದ ಬೇಲಿ ಹಿಡಿದು ಮುಕ್ಕಾಲು ಗಂಟೆ ನಿಂತಿದ್ದರು. "ಇಲ್ಲಿನವರು ಎಲ್ಲಿಗೆ ಹೋದರಂತೆ?" ಅಂತ ಒಂದೇ ಪ್ರಶ್ನೆ ಕೇಳಿದರು. ಬಹಳ ಜನ ಕಣಿವೆ ಬಿಟ್ಟರು, ಉಳಿದವರಿಗೆ ಮೇಲೆ ಹೊಸ ಊರು ಕಟ್ಟಿದರು ಅಂದೆ. ಇಂಥ ಮುಕ್ಕಾಲು ಗಂಟೆಗೆ ಜಾಗ ಇಲ್ಲದ ಪ್ಲ್ಯಾನ್ ಮಾಡಬೇಡಿ.

ಹೆಜ್ಜೆ 5: ರಸ್ತೆ ಎಷ್ಟು ಅಗಲ?

ಮೊಬೈಲ್ ಮ್ಯಾಪ್ ಎರಡು ಊರಿನ ನಡುವೆ ಗೆರೆ ಎಳೆಯುತ್ತದೆ. ಆ ಗೆರೆ ಎಷ್ಟು ಅಗಲ ಅಂತ ಸರಿಯಾಗಿ ಹೇಳುವುದಿಲ್ಲ. ಬೋರ್ಮಿಯೋದಿಂದ ದಕ್ಷಿಣಕ್ಕೆ ಗಾವಿಯಾ ಪಾಸ್ ಇದೆ, 2,600 ಮೀಟರ್ ಮೇಲೆ. ದಕ್ಷಿಣದ ಇಳಿಜಾರಿನಲ್ಲಿ ರಸ್ತೆ ಒಂದೇ ಕಾರಿನಷ್ಟಾಗುತ್ತದೆ. ಎದುರು ಕಾರು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು, ಪಕ್ಕದಲ್ಲಿ ಪ್ರಪಾತ. ಮೊದಲ ಸಲ ಬಲಗಡೆ ಓಡಿಸುತ್ತಿರುವವರು ಅಲ್ಲಿಗೆ ಹೋಗಲೇಬಾರದು.

ಇದಕ್ಕೆ ಕಾಗದದ ಮ್ಯಾಪ್ ಒಳ್ಳೆಯದು. ಮಿಶೆಲಿನ್ ಮ್ಯಾಪ್‌ನಲ್ಲಿ ಚಂದದ ರಸ್ತೆಯ ಪಕ್ಕ ಹಸಿರು ಅಂಚು ಇರುತ್ತದೆ. ಕಡಿದಾದ ಏರಿಗೆ ಬಾಣದ ಗುರುತು ಇರುತ್ತದೆ. ಹಿಮಕ್ಕೆ ಮುಚ್ಚುವ ತಿಂಗಳುಗಳನ್ನು ಪಾಸ್ ಹೆಸರಿನ ಬಳಿಯೇ ಅಚ್ಚು ಹಾಕಿರುತ್ತಾರೆ. ಆಮೇಲೆ ಮೊಬೈಲ್‌ನಲ್ಲಿ ಸ್ಟ್ರೀಟ್ ವ್ಯೂ ತೆರೆದು ನಾಲ್ಕೈದು ಕಡೆ ರಸ್ತೆ ನೋಡಿ. ನಡುವೆ ಬಿಳಿ ಗೆರೆ ಇದ್ದರೆ ಎರಡು ಕಾರು ಆರಾಮಾಗಿ ಹೋಗುತ್ತವೆ. ಗೆರೆಯೇ ಇಲ್ಲ ಅಂದರೆ ಯೋಚನೆ ಮಾಡಿ.

ಹೆಜ್ಜೆ 6: ಯಾವ ಕಡೆಯಿಂದ ಹತ್ತುವುದು?

ಸ್ಟೆಲ್ವಿಯೋ ರಸ್ತೆಯನ್ನು ಕಾರ್ಲೋ ದೊನೆಗಾನಿ ಎಂಬ ಎಂಜಿನಿಯರ್ 1820ರಿಂದ 1825ರ ನಡುವೆ ಕಟ್ಟಿಸಿದರು. ಆಗ ಅದು ಕುದುರೆ ಗಾಡಿಯ ರಸ್ತೆ. ಕುದುರೆ ಹತ್ತಬೇಕಲ್ಲ, ಅದಕ್ಕೇ ಏರು ಹದವಾಗಿದೆ, ತಿರುವು ಮಾತ್ರ ಜಾಸ್ತಿ. ಪ್ರಾಟೋ ಕಡೆ 48 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ಸಂಖ್ಯೆ ಹಾಕಿದ್ದಾರೆ, ಕೆಳಗೆ 48, ತುದಿಯಲ್ಲಿ 1. ಹಿಂದೆ ಕೂತ ಮಕ್ಕಳಿಗೆ ಎಣಿಸುವ ಕೆಲಸ ಕೊಡಿ. ದೃಷ್ಟಿ ಹೊರಗೆ ಇದ್ದರೆ ವಾಂತಿಯೂ ಕಮ್ಮಿ.

ಈ 48 ತಿರುವನ್ನು ಹತ್ತುತ್ತಾ ಹೋಗಿ, ಇಳಿಯುತ್ತಾ ಬೇಡ. ಹತ್ತುವಾಗ ಕಾಲು ತೆಗೆದರೆ ಕಾರು ತಾನೇ ನಿಧಾನವಾಗುತ್ತದೆ. ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕ್ ಬೇಕು. ಅದಕ್ಕೇ ಉತ್ತರದಿಂದ ದಕ್ಷಿಣಕ್ಕೆ ಹೋಗುವಂತೆ ಪ್ರಯಾಣ ಹೊಂದಿಸಿ. ಮರಳುವಾಗ ಬೇರೆ ದಾರಿ ಹಿಡಿಯಿರಿ.

ಈಗ ಬಹಳ ಮುಖ್ಯವಾದ ಮಾತು. ಊರಿನಲ್ಲಿ ನಾವು ಎಡಗಡೆ ಓಡಿಸುತ್ತೇವೆ. ಆಗುಂಬೆಯ 14 ತಿರುವುಗಳಲ್ಲಿ ಎಡ ತಿರುವು ಬಂದಾಗ ನಾವು ಒಳಗಡೆ ಇರುತ್ತೇವೆ, ಅದು ಬಿಗಿ. ಬಲ ತಿರುವು ಬಂದಾಗ ಹೊರಗಡೆ ಇರುತ್ತೇವೆ, ಅದು ಸಲೀಸು. ಯುರೋಪಿನಲ್ಲಿ ಇದು ಪೂರ್ತಿ ಉಲ್ಟಾ. ಬಲ ತಿರುವು ಬಿಗಿ, ಎಡ ತಿರುವು ಸಲೀಸು. ತಲೆಗೆ ಇದು ಗೊತ್ತಿದ್ದರೂ ಕೈಗೆ ಗೊತ್ತಿರುವುದಿಲ್ಲ. ಬಲ ಹೇರ್‌ಪಿನ್‌ನಲ್ಲಿ ಸ್ಟೀರಿಂಗ್ ಬೇಗ ತಿರುಗಿಸಿದರೆ ಹಿಂದಿನ ಬಲಚಕ್ರ ಒಳಗಿನ ಕಲ್ಲಿಗೆ ಉಜ್ಜುತ್ತದೆ. ತಡವಾಗಿ ತಿರುಗಿಸಿದರೆ ಮೂತಿ ಎದುರು ಬರುವವರ ಕಡೆಗೆ ಹೋಗುತ್ತದೆ. ನಾನು ಮಾಡುವುದು ಹೀಗೆ: ತಿರುವಿಗೆ ಇನ್ನೂ ಒಂದು ಕಾರಿನಷ್ಟು ದೂರ ಇರುವಾಗ ಬಹಳ ನಿಧಾನ ಮಾಡಿ ಕಿಟಕಿಯಿಂದ ಮೇಲಿನ ಮಡಿಕೆ ನೋಡುತ್ತೇನೆ. ಬಸ್ಸು ಇಳಿಯುತ್ತಿದ್ದರೆ ಅಲ್ಲೇ ನಿಲ್ಲುತ್ತೇನೆ, ಅದು ತಿರುವು ಬಿಟ್ಟ ಮೇಲೆ ಹೊರಡುತ್ತೇನೆ. ಯಾರೂ ಇಲ್ಲದಿದ್ದರೆ ನನ್ನ ಸಾಲಿನ ಎಡ ಅಂಚಿಗೆ ಸರಿದು, ಮೊದಲ ಅಥವಾ ಎರಡನೇ ಗೇರಿನಲ್ಲಿ, ಮೂತಿ ತಿರುವಿನ ನಡುವಿಗೆ ಬಂದ ಮೇಲೆ ಸ್ಟೀರಿಂಗ್ ಪೂರ್ತಿ ಬಲಕ್ಕೆ. ಪಕ್ಕದಲ್ಲಿ ಕೂತವರು ಮೊದಲ ಹತ್ತು ತಿರುವಿನವರೆಗೆ "ಇದು ಬಿಗಿ", "ಇದು ಸಲೀಸು" ಅಂತ ಹೇಳುತ್ತಾ ಹೋದರೆ ಬಹಳ ಸಹಾಯ.

ಭಾರತದಿಂದ ನೇರ ಬಂದು ಬಾಡಿಗೆ ಕಾರು ಹಿಡಿಯುವವರು ಆಟೋಮ್ಯಾಟಿಕ್ ಕಾರನ್ನೇ ತೆಗೆದುಕೊಳ್ಳಿ. ಗೇರ್ ಬಲಗೈಗೆ ಬಂದಿರುತ್ತದೆ, ತಿರುವು ಉಲ್ಟಾ ಇರುತ್ತದೆ, ಎರಡನ್ನೂ ಒಟ್ಟಿಗೆ ಕಲಿಯುವ ಜಾಗ ಘಾಟಿ ಅಲ್ಲ. ಮೊದಲ ದಿನ ಸಪಾಟು ರಸ್ತೆಯಲ್ಲಿ ನೂರಿನ್ನೂರು ಕಿ.ಮೀ. ಓಡಿಸಿ ಕೈ ಕೂರಿಸಿಕೊಳ್ಳಿ.

ಕಿರಿದಾದ ಕಡೆ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ಸ್ವಿಟ್ಜರ್ಲೆಂಡಿನಲ್ಲಿ ನೀಲಿ ಚೌಕದಲ್ಲಿ ಹಳದಿ ಕೊಂಬಿನ ಚಿತ್ರ ಇರುವ ಬೋರ್ಡ್ ಕಂಡರೆ ಅದು ಅಂಚೆ ಬಸ್ಸಿನ ಬೆಟ್ಟದ ರಸ್ತೆ. ಅಲ್ಲಿ ಹಳದಿ ಬಸ್ಸಿಗೇ ಮೊದಲ ಹಕ್ಕು. ಬಸ್ ಚಾಲಕರು ಹಿಂದಕ್ಕೆ ಹೋಗಿ ಅಂದರೆ ಹೋಗಬೇಕು. ಮಲೋಯಾ ಕಡೆ ಕುರುಡು ತಿರುವಿನಲ್ಲಿ ಮೂರು ಸ್ವರದ ಹಾರ್ನ್ ಕೇಳಿದರೆ ಅಂಚಿಗೆ ಸರಿದು ನಿಂತುಬಿಡಿ.

ಹೆಜ್ಜೆ 7: ಕಾಗದ, ಸ್ಟಿಕರ್, ಹಣ

ಭಾರತದ ಲೈಸೆನ್ಸ್ ಇರುವವರು ಆರ್‌ಟಿಓದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಜೊತೆಗೇ ಇರಬೇಕು. ಜರ್ಮನಿಗೆ ನೆಲೆಸಲು ಬಂದವರಿಗೆ ಭಾರತದ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ, ಅದನ್ನು ಮರೆಯಬೇಡಿ.

ಬಾಡಿಗೆ ಕಾರನ್ನು ಯಾವ ಯಾವ ದೇಶಕ್ಕೆ ಒಯ್ಯಬಹುದು ಅನ್ನುವುದನ್ನು ಬರೆದು ಕೊಟ್ಟಿರಲಿ. ಬಾಯಿಮಾತು ಸಾಲದು.

ಹೆದ್ದಾರಿಗೆ ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಎರಡಕ್ಕೂ ವಿನ್ಯೆಟ್ ಎಂಬ ಟೋಲ್ ಸ್ಟಿಕರ್ ಬೇಕು, ಈಗ ಆನ್‌ಲೈನಿನಲ್ಲೂ ಸಿಗುತ್ತದೆ. ಆಸ್ಟ್ರಿಯಾದ್ದು ಒಂದು ದಿನಕ್ಕೆ, 10 ದಿನಕ್ಕೆ ಕೊಳ್ಳಬಹುದು. ಸ್ವಿಟ್ಜರ್ಲೆಂಡಿನಲ್ಲಿ ವರ್ಷದ್ದು ಒಂದೇ, 40 ಫ್ರಾಂಕ್. ಸಾನ್ ಬೆರ್ನಾರ್ಡಿನೋ ಸುರಂಗಕ್ಕೆ ಇದು ಬೇಕೇ ಬೇಕು. ಆದರೆ ಓಫೆನ್, ಸೇಂಟ್ ಮೋರಿಟ್ಜ್, ಮಲೋಯಾ ದಾರಿಯಲ್ಲಿ ಹೆದ್ದಾರಿಯೇ ಇಲ್ಲ, ಆದ್ದರಿಂದ ಸ್ಟಿಕರೂ ಬೇಡ. ಇಟಲಿಯಲ್ಲಿ ಓಡಿಸಿದ ದೂರಕ್ಕೆ ಟೋಲ್. ಬ್ರೆನ್ನರ್ ಹೆದ್ದಾರಿ, ಮಾಂಟ್ ಬ್ಲಾಂಕ್ ಸುರಂಗ, ಗ್ರೋಸ್‌ಗ್ಲೋಕ್ನರ್, ಇವಕ್ಕೆಲ್ಲ ಬೇರೆಯೇ ಟೋಲ್. ಗ್ರೋಸ್‌ಗ್ಲೋಕ್ನರ್‌ಗೆ ಕಾರಿಗೆ 40 ಯೂರೋಗಿಂತ ಜಾಸ್ತಿ. 48 ಕಿ.ಮೀ. ರಸ್ತೆಗೆ ಅಷ್ಟೊಂದಾ ಅನ್ನಿಸುತ್ತದೆ. ಇಡೀ ದಿನ ಅಲ್ಲೇ ಕಳೆಯುವುದಾದರೆ ಕೊಡಬಹುದು, ದಾಟಿ ಹೋಗಲು ಮಾತ್ರ ಆದರೆ ಬೇಡ.

ಪೆಟ್ರೋಲ್ ಲಾಂಡೆಕ್‌ನಲ್ಲಿ ತುಂಬಿಸಿಕೊಳ್ಳಿ. ಸಾಮಾನ್ಯವಾಗಿ ಇಟಲಿಗಿಂತ ಆಸ್ಟ್ರಿಯಾದಲ್ಲಿ ಅಗ್ಗ. ಇಟಲಿ, ಆಸ್ಟ್ರಿಯಾ ಎರಡರಲ್ಲೂ ಹೊಳೆಯುವ ಜಾಕೆಟ್ ಕಾರಿನಲ್ಲಿ ಇರಲೇಬೇಕು. ಚಳಿಗಾಲದಲ್ಲಿ ಹಿಮದ ಟೈರ್ ಇರುವ ಕಾರನ್ನೇ ಕೇಳಿ. ಇಟಲಿಯ ಬಹಳ ರಸ್ತೆಗಳಲ್ಲಿ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಹಿಮದ ಟೈರ್ ಅಥವಾ ಸರಪಳಿ ಕಡ್ಡಾಯ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದ್ದರಿಂದ ಎಷ್ಟೋ ಸಿಮ್‌ಗಳಲ್ಲಿ ಅಲ್ಲಿನ ಡೇಟಾಗೆ ಬೇರೆ ಹಣ ಬೀಳುತ್ತದೆ. ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ.

ಹೆಜ್ಜೆ 8: ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ರಾತ್ರಿ ಊಟ ಆದ ಮೇಲೆ ಮೂರು ವಿಷಯ ನೋಡಿ. ಪಾಸ್ ತೆರೆದಿದೆಯೇ? ಜರ್ಮನಿಯ ಎಡಿಎಸಿ, ಸ್ವಿಟ್ಜರ್ಲೆಂಡಿನ ಟಿಸಿಎಸ್, ಈ ಎರಡು ವಾಹನ ಸಂಘಗಳ ತಾಣದಲ್ಲಿ ಪಾಸ್‌ಗಳ ಸ್ಥಿತಿ ಸಿಗುತ್ತದೆ. ಹವಾಮಾನ ಹೇಗಿದೆ? ಊರಿನ ಹವಾಮಾನ ನೋಡಿದರೆ ಸಾಲದು, ತುದಿಯದ್ದು ನೋಡಬೇಕು. ಮೂರನೆಯದು, ನಾಳೆ ಸೈಕಲ್ ಓಟ ಇದೆಯೇ? ಬೇಸಿಗೆಯಲ್ಲಿ ಕೆಲವು ದಿನ ಸ್ಟೆಲ್ವಿಯೋ, ಡೊಲೊಮೈಟ್ ಪಾಸ್‌ಗಳನ್ನು ಸೈಕಲ್ಲಿನವರಿಗಾಗಿ ಕಾರಿಗೆ ಮುಚ್ಚುತ್ತಾರೆ. ನೀವು ಉಳಿದ ಹೋಟೆಲಿನವರನ್ನೇ ಕೇಳಿ. ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರುವುದಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ತುದಿಯ ವೆಬ್‌ಕ್ಯಾಮ್ ತೆರೆಯಿರಿ. ಬರೀ ಬಿಳಿ ಕಂಡರೆ ಅದು ಮಂಜು ಅಥವಾ ಮೋಡ. ಒಂದು ಗಂಟೆ ಕಾದು ಮತ್ತೆ ನೋಡಿ. ಆಗಲೂ ಬಿಳಿ ಇದ್ದರೆ ಸ್ಟೆಲ್ವಿಯೋ ಬಿಟ್ಟು ಓಫೆನ್ ಕಡೆ ಹೊರಡಿ. ಮಂಜಿನಲ್ಲಿ ಹತ್ತಿದರೆ ನೋಟವೂ ಇಲ್ಲ, ಎದುರು ಬರುವ ಬೈಕೂ ಕಾಣುವುದಿಲ್ಲ. ಕಣಿವೆಯ ಬೋರ್ಡಿನಲ್ಲಿ 'ಅಪೆರ್ತೋ' ಅಥವಾ 'ಒಫೆನ್' ಅಂತಿದ್ದರೆ ತೆರೆದಿದೆ. 'ಕ್ಯೂಸೋ' ಅಥವಾ 'ಗೆಷ್ಪೆರ್ಟ್' ಅಂತಿದ್ದರೆ ಮುಚ್ಚಿದೆ.

ಬೇಗ ಹೊರಡಿ. ಬೆಳಿಗ್ಗೆ ಹತ್ತರ ಮೇಲೆ ಬೈಕುಗಳ ಸಾಲು ಶುರು. ಮಧ್ಯಾಹ್ನ ಎರಡರ ಮೇಲೆ ಬೇಸಿಗೆಯಲ್ಲಿ ಗುಡುಗು ಮಳೆಯ ಸಂಭವ ಜಾಸ್ತಿ. ತಿಂಡಿ ಹಗುರ ಇರಲಿ. ತುದಿಯ ಅಂಗಡಿಗಳಲ್ಲಿ ಸಾಸೇಜ್ ವಾಸನೆಯೇ ಜಾಸ್ತಿ, ಸಸ್ಯಾಹಾರಿಗಳು ಚಪಾತಿಯೋ ಚಿತ್ರಾನ್ನವೋ ಕಟ್ಟಿಕೊಂಡರೆ ನೆಮ್ಮದಿ.

ಹೆಜ್ಜೆ 9: ಇಳಿಯುವಾಗ

ತುದಿಯಿಂದ ಬೋರ್ಮಿಯೋಗೆ ಸುಮಾರು 22 ಕಿ.ಮೀ. ಇಳಿಜಾರು. ನಮ್ಮ ಕಡೆ ಹಳೆಯ ಲಾರಿ ಡ್ರೈವರ್‌ಗಳು ಹೇಳುವ ಮಾತು ಇಲ್ಲಿಗೂ ಸರಿ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಆಟೋಮ್ಯಾಟಿಕ್ ಕಾರಿನಲ್ಲಿ ಮ್ಯಾನುಯಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲಿ ಹಿಡಿಯಿರಿ. ಇದು ಎಲ್ಲಿದೆ ಅಂತ ಕಾರು ತೆಗೆದುಕೊಳ್ಳುವಾಗಲೇ ಕೇಳಿ. ಬ್ರೇಕನ್ನು ಸದಾ ಒತ್ತಿ ಹಿಡಿದರೆ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದಂತೆ ಅನ್ನಿಸಿದರೆ ಮೊದಲ ನಿಲುಗಡೆ ಜಾಗದಲ್ಲೇ ನಿಲ್ಲಿಸಿ. ಅರ್ಧ ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಹಾಕಬೇಡಿ.

ಈ ಕಡೆಯ ಇಳಿಜಾರಿನಲ್ಲಿ ಸುರಂಗಗಳಿವೆ. ಕಿರಿದು, ಒಳಗೆ ಒದ್ದೆ, ಬಿಸಿಲಿನಿಂದ ಒಳಗೆ ಹೋದ ಕ್ಷಣ ಕಣ್ಣು ಕತ್ತಲೆ. ತಂಪು ಕನ್ನಡಕ ತೆಗೆದಿರಿ, ದೀಪ ಹಾಕಿರಿ, ನಿಧಾನ ಹೋಗಿ.

ತುದಿಯಿಂದ ಬೋರ್ಮಿಯೋ ಕಡೆ ಎರಡೂವರೆ ಕಿ.ಮೀ. ಇಳಿದರೆ ಬಲಕ್ಕೆ ಒಂದು ಕವಲು ಸಿಗುತ್ತದೆ. ಅದು 2,501 ಮೀಟರ್‌ನ ಉಂಬ್ರೈಲ್ ಪಾಸ್, ಸ್ವಿಟ್ಜರ್ಲೆಂಡಿಗೆ ಇಳಿಯುವ ರಸ್ತೆ. ಕೋಮೋಗೆ ಹೋಗುವವರಿಗೆ ಇದು ಬೇಡ. ಆದರೆ ತುದಿ ನೋಡಿದ ಮೇಲೆ ಕಾರಿನಲ್ಲಿ ಯಾರಿಗಾದರೂ ಆರಾಮ ಇಲ್ಲದೆ ಮತ್ತೆ ಗ್ಲೂರ್ನ್ಸ್ ಕಡೆಗೆ ಹೋಗಬೇಕಾದರೆ, ಆ 48 ತಿರುವನ್ನು ಇಳಿಯುವುದಕ್ಕಿಂತ ಇದು ವಾಸಿ. ತಿರುವು ಕಮ್ಮಿ, ವಾಹನ ಇನ್ನೂ ಕಮ್ಮಿ.

ಬೋರ್ಮಿಯೋ ಮುಟ್ಟಿದ ಮೇಲೆ ಕಾರಿಗೂ ನಿಮಗೂ ಒಂದು ಗಂಟೆ ಬಿಡುವು ಕೊಡಿ. ಆ ಕಣಿವೆಯಲ್ಲಿ ಪಿಟ್ಸೊಕ್ಕೆರಿ ಅಂತ ಮಾಡುತ್ತಾರೆ. ಬಕ್‌ವೀಟ್ ಹಿಟ್ಟಿನ ಅಗಲ ಶಾವಿಗೆ, ಜೊತೆಗೆ ಆಲೂಗಡ್ಡೆ, ಕೋಸು, ಬೆಣ್ಣೆ, ಚೀಸ್, ಬೆಳ್ಳುಳ್ಳಿ ಒಗ್ಗರಣೆ. ಬಿಸಿಬಿಸಿ ತಟ್ಟೆ ಮುಂದೆ ಬಂದಾಗ ಅಪ್ಪ ಮೂಸಿ ನೋಡಿ "ಬೆಳ್ಳುಳ್ಳಿ ಹದವಾಗಿ ಹುರಿದಿದ್ದಾರೆ" ಅಂದರು. ಅದು ಎರಡನೇ ಪ್ರಯಾಣ, ಸೆಪ್ಟೆಂಬರ್. ಹಿಂದಿನ ರಾತ್ರಿ ಗ್ಲೂರ್ನ್ಸ್‌ನಲ್ಲಿ ಮಲಗಿದ್ದೆವು. ಅಮ್ಮ 48ರಿಂದ 1ರವರೆಗೆ ಒಂದೂ ಬಿಡದೆ ತಿರುವು ಎಣಿಸಿದ್ದರು.